ಸಾಕ್ಸ್‌ಲೆಟ್ ಬದಿಗಿಟ್ಟು ಚಿಗುರೆಲೆ ನೆನೆಹಾಕಿದ ಕಥೆ

ವೀಳ್ಯದೆಲೆ ಸಾರದ ಆಂಟಿಆಕ್ಸಿಡೆಂಟ್ ಗುಣ, ಬ್ಯಾಕ್ಟೀರಿಯಾ ತಡೆಯೋ ಗುಣದ ಮೇಲೆ ಕೆಲಸ ಮಾಡ್ತೀನಿ ಅಂದಾಗ ನಮ್ಮ ವಿಭಾಗದಲ್ಲಿ ನಕ್ಕವರೇ ಜಾಸ್ತಿ. "ಅದನ್ನ ಎಲ್ಲರೂ ಅರೆದು ಮುಗಿಸಿದ್ದಾರೆ ಮೇಡಂ, ಬೇರೆ ಗಿಡ ನೋಡಿ" ಅಂದರು ಹಿರಿಯರೊಬ್ಬರು. ಸಾಕ್ಸ್‌ಲೆಟ್ (ದ್ರಾವಕ ಕುದಿಸಿ ಮತ್ತೆ ಮತ್ತೆ ಎಲೆಪುಡಿ ಮೇಲೆ ಹರಿಸಿ ಸಾರ ತೆಗೆಯೋ ಗಾಜಿನ ಉಪಕರಣ) ಬೇಡ, ತಣ್ಣಗೆ ನೆನೆಹಾಕಿ ಸಾರ ತೆಗೀತೀನಿ ಅಂದಿದ್ದಕ್ಕೆ, "ನೆನೆಹಾಕೋಕೆ ಅದೇನು ಅವಲಕ್ಕಿನಾ?" ಅಂತಲೂ ಕೇಳಿದರು. ಈಗ ಅವರ ವಿದ್ಯಾರ್ಥಿಗಳೇ ನನ್ನ ಹತ್ತಿರ ಬಂದು ವಿಧಾನ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಬರೆದೇ ಬಿಡೋಣ ಅನಿಸಿತು.

ಎಲೆ ನಮ್ಮದೇ ಮೈಸೂರು ಚಿಗುರೆಲೆ, ಜಿಐ (ಭೌಗೋಳಿಕ ಸೂಚಕ) ಗುರುತು ಇರುವಂಥದ್ದು. ಮೊದಮೊದಲು ದೇವರಾಜ ಮಾರುಕಟ್ಟೆಯಿಂದ ನೂರೆಲೆ ಕಟ್ಟು ತರುತ್ತಿದ್ದೆ. ಅಲ್ಲಿ ಎಲೆ ಬಾಡದಿರಲಿ ಅಂತ ನೀರು ಚಿಮುಕಿಸುತ್ತಲೇ ಇರುತ್ತಾರೆ. ತಿನ್ನೋದಕ್ಕೆ ಚೆನ್ನ, ನಮಗೆ ತಲೆನೋವು. ಜುಲೈ ಮಳೆಯಲ್ಲಿ ನೆರಳಿಗೆ ಹರಡಿದ ಎಲೆ ಮೂರನೇ ದಿನಕ್ಕೆ ಬೂಷ್ಟು. ಅರ್ಧ ಕೆಜಿ ತಿಪ್ಪೆಗೆ. ಆಮೇಲೆ ನಂಜನಗೂಡು ರಸ್ತೆ ಕಡೆಯ ಒಂದು ತೋಟದಿಂದ ನೇರ ತರಿಸಿಕೊಂಡೆ. ಹಸಿ ಎಲೆ ಒಂದು ಕೆಜಿ ಒಣಗಿದರೆ ನೂರೈವತ್ತು ಗ್ರಾಂ ಸಿಕ್ಕರೆ ಪುಣ್ಯ.

ಸಾಕ್ಸ್‌ಲೆಟ್ ನಾನೂ ಹಾಕಿ ನೋಡಿದ್ದೆ. ಮೆಥನಾಲ್‌ನಲ್ಲಿ ಎಂಟು ಗಂಟೆ. ಬಂದದ್ದು ಡಾಂಬರಿನಂಥ ಕಪ್ಪು ಅಂಟು. ಡಿಪಿಪಿಎಚ್ ಅಂದರೆ ಆಂಟಿಆಕ್ಸಿಡೆಂಟ್ ತಾಗಿದರೆ ನೇರಳೆ ಬಣ್ಣ ಕಳೆದುಕೊಳ್ಳೋ ರಾಸಾಯನಿಕ. ಅದರ ಅರ್ಧವನ್ನು ಇಳಿಸಲು ಬೇಕಾದ ಸಾರ, ಅಂದರೆ ಐಸಿ 50, ಮಿಲೀಗೆ ಅರವತ್ತು ಮೈಕ್ರೋಗ್ರಾಂ ಆಸುಪಾಸು; ಇದು ಕಡಿಮೆ ಇದ್ದಷ್ಟೂ ಒಳ್ಳೇದು. ಈ ಎಲೆಯ ಜೀವಾಳ ಹೈಡ್ರಾಕ್ಸಿಚಾವಿಕಾಲ್ ಅನ್ನೋ ರಾಸಾಯನಿಕ ಅಲ್ವಾ, ಅದು ಸುಲಭವಾಗಿ ಆಕ್ಸಿಡೈಸ್ ಆಗಿ ಕೆಡುತ್ತೆ. ಗಂಟೆಗಟ್ಟಲೆ ಬೇಯಿಸಿದರೆ ಇನ್ನೇನು ಉಳಿದೀತು? ಆ ಕಪ್ಪು ಸಾರವನ್ನೇ ಹೊರಗಿನ ಲ್ಯಾಬಿಗೆ, ಸಾರದಲ್ಲಿ ಏನೇನಿದೆ ಅಂತ ತಿಳಿಯೋ ಜಿಸಿ-ಎಂಎಸ್‌ಗೆ ಕಳಿಸಿ ಎರಡೂವರೆ ಸಾವಿರ ಕಳೆದೆ. ಡಿಪಿಪಿಎಚ್ ಒಂದು ಗ್ರಾಂ ಬಾಟಲಿಗೆ ಮೂರೂವರೆ ಸಾವಿರದ ಹತ್ತಿರ ಕೊಟ್ಟ ನೆನಪು. ಅದನ್ನೂ ಒಬ್ಬ ಹುಡುಗ ಕಿಟಕಿ ಬಿಸಿಲಲ್ಲಿ ಕರಗಿಸಿಟ್ಟು ಅರ್ಧ ಹಾಳು ಮಾಡಿದ.

ಇನ್ನೊಂದು ನಾಚಿಕೆಗೇಡು. ಸ್ಟಾಫಿಲೊಕಾಕಸ್ ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನಲ್ಲಿ, ಸಾರ ಹೀರಿದ ಕಾಗದದ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ 14 ಮಿ.ಮೀ. ಬಂತು ಅಂತ ಎಲ್ಲರಿಗೂ ಮೈಸೂರು ಪಾಕ್ ಹಂಚಿದೆ. ಮರುದಿನ ನೋಡಿದರೆ ಬರೀ ಮೆಥನಾಲ್ ಹಾಕಿದ ಡಿಸ್ಕಿನ ಸುತ್ತಲೂ 12. ಡಿಸ್ಕ್ ಒಣಗೋ ತನಕ ಕಾಯದೆ ಇಟ್ಟಿದ್ದೆ, ಉಳಿದ ಮೆಥನಾಲೇ ಬ್ಯಾಕ್ಟೀರಿಯಾ ತಡೆದಿತ್ತು. ಮೈಸೂರು ಪಾಕ್ ವಾಪಸ್ ಕೇಳೋಕಾಗುತ್ತಾ?

ಕೊನೆಗೆ ಗೆದ್ದದ್ದು ಹೀಗೆ. ನೆರಳಲ್ಲಿ ಒಣಗಿಸಿದ ಪುಡಿ 50 ಗ್ರಾಂ, 70 ಪರ್ಸೆಂಟ್ ಎಥನಾಲ್ ಅರ್ಧ ಲೀಟರ್, ಕಂದು ಬಾಟಲಿ, ಮೂರು ದಿನ. ಆಗಾಗ ಅಲುಗಾಡಿಸಿದರೆ ಸಾಕು. ಸೋಸಿ ರೋಟರಿ ಇವಾಪೊರೇಟರಿನಲ್ಲಿ (ಒತ್ತಡ ತಗ್ಗಿಸಿ ದ್ರಾವಕ ಹಾರಿಸೋ ಯಂತ್ರ) 40 ಡಿಗ್ರಿ ದಾಟದಂತೆ ಎಥನಾಲ್ ಮಾತ್ರ ಹಾರಿಸಿದೆ. ಉಳಿದ ನೀರನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಹಸಿರೆಲ್ಲ ಗಸಿಯಾಗಿ ತಳಕ್ಕೆ ಕೂರುತ್ತೆ. ಮೇಲೆ ಉಳಿಯೋದು ಹಾಲಿಲ್ಲದ ಟೀ ಬಣ್ಣದ ತಿಳಿ. ಆ ಗಸಿಯಲ್ಲೂ ಒಂದಷ್ಟು ಮಾಲು ಸಿಕ್ಕಿಕೊಂಡಿರುತ್ತೆ. ಅದನ್ನು ನಾನು ಹೇಗೆ ತೊಳೆದು ತೆಗೀತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಣಗಿಸಿದ ಮೇಲೆ ಐದು ಗ್ರಾಂ ಚಿಲ್ಲರೆ. ಸಾಕ್ಸ್‌ಲೆಟ್‌ಗಿಂತ ಕಡಿಮೆಯೇ. ಆದರೆ ಐಸಿ 50 ಇಪ್ಪತ್ತರ ಹತ್ತಿರಕ್ಕೆ ಇಳಿಯಿತು. ಸ್ಟಾಫಿಲೊಕಾಕಸ್‌ಗೆ 17-18 ಮಿ.ಮೀ., ಡಿಸ್ಕ್ ಚೆನ್ನಾಗಿ ಒಣಗಿಸಿಯೇ. ಇ. ಕೋಲೈ ಬ್ಯಾಕ್ಟೀರಿಯಾ ಹಠಮಾರಿ, 11 ದಾಟಲಿಲ್ಲ. ಸಾರ ಒಳಗೆ ಹೋಗಲು ಬಿಡದ ಹೊರಪೊರೆ ಇರೋ ಜಾತಿ, ಅಷ್ಟಾದರೂ ಬಂತಲ್ಲ.

ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯೋ ಅತಿ ಕಡಿಮೆ ಸಾರ ಎಷ್ಟು ಅಂತ ನೋಡೋ ಎಂಐಸಿ ಪರೀಕ್ಷೆಯಲ್ಲಿ, ಜೀವಂತ ಬ್ಯಾಕ್ಟೀರಿಯಾ ಇದ್ದರೆ ನೀಲಿಯಿಂದ ಗುಲಾಬಿಯಾಗೋ ರೆಸಜುರಿನ್ ಎರಡು ವಾರ ಆಟ ಆಡಿಸಿತು. ಬ್ಯಾಕ್ಟೀರಿಯಾ ಹಾಕದ ಗುಂಡಿಗಳೂ ಗುಲಾಬಿ! ನಮ್ಮ ಸಾರವೇ ಅದನ್ನು ರಿಡ್ಯೂಸ್ ಮಾಡಿ ಬಣ್ಣ ಬದಲಿಸುತ್ತಿತ್ತು. ಬಣ್ಣ ನಂಬೋದು ಬಿಟ್ಟು, ಪ್ರತಿ ಗುಂಡಿಯಿಂದ ಒಂದು ಲೂಪ್ ತೆಗೆದು ಹೊಸ ಅಗರ್ ಮೇಲೆ ಗೀಚಿದೆ. ಬೆಳೆಯಿತೋ ಇಲ್ಲವೋ, ಕಣ್ಣಿಗೇ ಕಾಣುತ್ತೆ. ಆದರೆ ಇದು ಹೇಳೋದು ಕೊಲ್ಲೋ ಪ್ರಮಾಣ (ಎಂಬಿಸಿ), ಬರೀ ತಡೆಯೋ ಎಂಐಸಿ ಅಲ್ಲ. ರೆಸಜುರಿನ್ ದುಡ್ಡೂ ಉಳಿಯಿತು.

ನಡುವೆ ಸುಮ್ನೆ ಕುತೂಹಲಕ್ಕೆ ಸಾರಕ್ಕೆ ಚಿಟಿಕೆ ಸುಣ್ಣ ಬೆರೆಸಿದೆ. ನೋಡನೋಡುತ್ತ ಕಡುಕಂದು. ಅರ್ಧ ಗಂಟೆ ಬಿಟ್ಟು ಆಮ್ಲ ಹಾಕಿ ಸರಿಮಾಡಿ ನೋಡಿದರೂ ಡಿಪಿಪಿಎಚ್ ಬಹಳ ಹೊತ್ತು ನೇರಳೆಯಾಗೇ ಉಳಿಯಿತು, ಅಂದರೆ ಸಾರದ ಶಕ್ತಿ ಕುಗ್ಗಿತ್ತು. ಊಟ ಆದ ಮೇಲೆ ಸುಣ್ಣ ಹಚ್ಚಿ ಎಲೆ ಮಡಚುತ್ತಿದ್ದ ನಮ್ಮತ್ತೆಗೆ ಇದನ್ನ ಹೇಳಿದೆ. "ಸುಣ್ಣ ಇಲ್ದೆ ಎಲೆ ತಿನ್ನೋಕೆ ನಾನೇನು ಮೇಕೆನಾ?" ಅಂದರು.