ಕನ್ನಡಕ ಕಳಚುವ ಮುನ್ನ: ಲೇಸರ್ ಶಸ್ತ್ರಚಿಕಿತ್ಸೆ ನಿಮ್ಮ ಕಣ್ಣಿಗೆ ತಕ್ಕದ್ದೇ ಎಂದು ನಿರ್ಧರಿಸುವ ಬಗೆ

ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕನ್ನಡಕದಿಂದ ಬಿಡುಗಡೆ ಪಡೆಯಬೇಕೆಂದು ಯೋಚಿಸುವವರು ಮೊದಲು ಕೇಳುವುದು ನೋವಿನ ಬಗ್ಗೆ, ಆಮೇಲೆ ಕೇಳುವುದು ಎಷ್ಟು ದಿನ ರಜೆ ಬೇಕಾದೀತೆಂದು. ಇವೆರಡಕ್ಕೂ ಉತ್ತರ ಸುಲಭ. ಹನಿ ಔಷಧ ಹಾಕಿ ಕಣ್ಣನ್ನು ಮರಗಟ್ಟಿಸುತ್ತಾರೆ, ಎರಡೂ ಕಣ್ಣುಗಳ ಕೆಲಸ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ರಜೆಯ ಲೆಕ್ಕ ಯಾವ ವಿಧಾನ ಎಂಬುದರ ಮೇಲೆ ನಿಂತಿದೆ. ನಿಧಾನವಾಗಿ ಕೂತು ಯೋಚಿಸಬೇಕಾದ ಪ್ರಶ್ನೆ ಬೇರೆಯದು. ಈ ಚಿಕಿತ್ಸೆ ಕಾರ್ನಿಯಾದಿಂದ ಒಂದಿಷ್ಟು ಅಂಗಾಂಶವನ್ನು ಶಾಶ್ವತವಾಗಿ ತೆಗೆಯುತ್ತದೆ. ಅಷ್ಟನ್ನು ಕಳೆದುಕೊಂಡೂ ಗಟ್ಟಿಯಾಗಿ ಉಳಿಯುವ ಶಕ್ತಿ ನಿಮ್ಮ ಕಣ್ಣಿಗಿದೆಯೇ, ಹಾಗೆ ಕಳೆದುಕೊಂಡು ಪಡೆಯುವುದು ನಿಮ್ಮ ವಯಸ್ಸಿಗೂ ಕೆಲಸಕ್ಕೂ ಹೊಂದುತ್ತದೆಯೇ ಎಂಬುದೇ ಆ ಪ್ರಶ್ನೆ.

ಕಾರ್ನಿಯಾ ಎಂದರೆ ಕಣ್ಣಿನ ಕಪ್ಪು ಭಾಗದ ಮುಂದಿರುವ, ಗಾಜಿನಂತೆ ತಿಳಿಯಾದ ಪದರ. ಬೆಳಕನ್ನು ಬಾಗಿಸುವ ಕಣ್ಣಿನ ಒಟ್ಟು ಸಾಮರ್ಥ್ಯದಲ್ಲಿ ಸುಮಾರು ಮೂರನೇ ಎರಡರಷ್ಟು ಇದರದ್ದೇ. ಆದ್ದರಿಂದ ಇದರ ವಕ್ರತೆಯನ್ನು ಕೂದಲೆಳೆಯಷ್ಟು ಬದಲಿಸಿದರೂ ದೃಷ್ಟಿ ಬದಲಾಗುತ್ತದೆ. ಸಮೀಪದೃಷ್ಟಿ ದೋಷವಿದ್ದರೆ, ಅಂದರೆ ದೂರದ್ದು ಮಸುಕಾಗಿ ಕಂಡು ಮೈನಸ್ ಪವರ್ ಬೇಕಾಗಿದ್ದರೆ, ಕಾರ್ನಿಯಾದ ನಡುಭಾಗವನ್ನು ಚಪ್ಪಟೆ ಮಾಡಬೇಕು. ದೂರದೃಷ್ಟಿ ದೋಷವಿದ್ದರೆ ಅಂಚಿನ ಸುತ್ತ ಉಂಗುರದ ಆಕಾರದಲ್ಲಿ ತೆಗೆದು ನಡುಭಾಗವನ್ನು ಉಬ್ಬಿಸಬೇಕು. ಈ ಕೆಲಸಕ್ಕೆ ಬಳಸುವ ಎಕ್ಸೈಮರ್ ಲೇಸರ್‌ನ ತರಂಗಾಂತರ 193 ನ್ಯಾನೊಮೀಟರ್. ಅದು ಅಂಗಾಂಶವನ್ನು ಸುಡುವುದಿಲ್ಲ, ಅಣುಗಳ ಬಂಧ ಕಡಿದು ಅದನ್ನು ಪದರಪದರವಾಗಿ ತೆಗೆಯುತ್ತದೆ. ಈ ಗುಣವನ್ನು 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಭಾರತ ಮೂಲದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಸಹೋದ್ಯೋಗಿಗಳು ಹಬ್ಬದ ಊಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡಿನ ಮೇಲೆ ಪರೀಕ್ಷಿಸಿ ಕಂಡುಕೊಂಡರು.

ಕಾರ್ನಿಯಾದ ದಪ್ಪವನ್ನು ಹಿಂದಿನವರು ಕೂಡಿಟ್ಟ ಇಡುಗಂಟಿನ ಹಾಗೆ ನೋಡುವುದು ಒಳ್ಳೆಯದು. ಅದರಿಂದ ತೆಗೆಯಬಹುದು, ಅದಕ್ಕೆ ಸೇರಿಸಲಾಗದು. ನಡುಭಾಗದಲ್ಲಿ ಅದರ ಸರಾಸರಿ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಲ್ಯಾಸಿಕ್ ವಿಧಾನದಲ್ಲಿ ಮೊದಲು ಮೇಲಿನ ಸುಮಾರು 110 ಮೈಕ್ರಾನ್ ದಪ್ಪದ ಪದರವನ್ನು ಒಂದು ಬದಿಯಲ್ಲಿ ಅಂಟಿಕೊಂಡಿರುವಂತೆ ಕತ್ತರಿಸಿ ಮುಚ್ಚಳದಂತೆ ಎತ್ತುತ್ತಾರೆ, ಕೆಳಗಿನ ಭಾಗಕ್ಕೆ ಲೇಸರ್ ಹಾಯಿಸಿ ಮುಚ್ಚಳವನ್ನು ಮತ್ತೆ ಮುಚ್ಚುತ್ತಾರೆ. ಕನ್ನಡಕದ ಪವರ್ ಅಳೆಯುವ ಮಾನ ಡಯಾಪ್ಟರ್; ಒಂದು ಡಯಾಪ್ಟರ್ ಪವರ್ ಕಳೆಯಲು ಸ್ಥೂಲವಾಗಿ 12ರಿಂದ 15 ಮೈಕ್ರಾನ್ ಬೇಕು. ಹೀಗಾಗಿ ಮೈನಸ್ 4 ಪವರ್ ಇರುವವರ 540 ಮೈಕ್ರಾನ್‌ನಲ್ಲಿ ಮುಚ್ಚಳಕ್ಕೆ 110, ಲೇಸರ್‌ಗೆ 60 ಹೋದರೆ ಕೆಳಗೆ 370 ಉಳಿಯುತ್ತದೆ; ಇದು ನೆಮ್ಮದಿಯ ಲೆಕ್ಕ. ಮೈನಸ್ 8 ಪವರ್ ಇದ್ದು ಕಾರ್ನಿಯಾ 490 ಮೈಕ್ರಾನ್ ಮಾತ್ರ ಇರುವವರಿಗೆ ಇದೇ ಲೆಕ್ಕ ಹಾಕಿದರೆ ಉಳಿಯುವುದು 260. ಕನಿಷ್ಠ 250 ಉಳಿಯಬೇಕೆಂಬುದು ಹಳೆಯ ನಿಯಮ. ಇಂದು ಹಲವು ತಜ್ಞರು 300ಕ್ಕಿಂತ ಕೆಳಗಿಳಿಯಲು ಒಪ್ಪುವುದಿಲ್ಲ. ಮುಚ್ಚಳ ಮತ್ತು ಲೇಸರ್ ಎರಡೂ ಸೇರಿ ಮೂಲ ದಪ್ಪದ ಶೇಕಡಾ 40ನ್ನು ಮುಟ್ಟಿದರೆ ಅಪಾಯ ಏರುತ್ತದೆ ಎಂಬ ಇನ್ನೊಂದು ಅಳತೆಗೋಲೂ ಇದೆ, ಎರಡನೆಯ ಉದಾಹರಣೆಯಲ್ಲಿ ಆ ಪ್ರಮಾಣ ಶೇಕಡಾ 47ರ ಹತ್ತಿರ ಬರುತ್ತದೆ. ನಿಮ್ಮ ಕಣ್ಣಿನ ಈ ಮೂರು ಸಂಖ್ಯೆಗಳನ್ನು, ಅಂದರೆ ಈಗಿನ ದಪ್ಪ, ತೆಗೆಯುವ ಪ್ರಮಾಣ ಮತ್ತು ಉಳಿಯುವ ಪ್ರಮಾಣವನ್ನು, ವೈದ್ಯರಿಂದ ಕೇಳಿ ಬರೆದುಕೊಳ್ಳಿ. ಕೇಳಿದ್ದಕ್ಕೆ ಬೇಸರಪಡುವ ವೈದ್ಯರಾದರೆ ಬೇರೊಬ್ಬರನ್ನು ಹುಡುಕುವುದು ಲೇಸೆಂದು ನನ್ನ ಅಭಿಪ್ರಾಯ.

ದಪ್ಪದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಆಕಾರ ಮುಖ್ಯ. ಕೆಲವರ ಕಾರ್ನಿಯಾ ಹುಟ್ಟಿನಿಂದಲೇ ದುರ್ಬಲವಾಗಿದ್ದು ಹರೆಯದಲ್ಲಿ ನಿಧಾನವಾಗಿ ಶಂಕುವಿನಂತೆ ಮುಂದಕ್ಕೆ ಚಾಚತೊಡಗುತ್ತದೆ. ಇದಕ್ಕೆ ಕೆರಟೋಕೋನಸ್ ಎನ್ನುತ್ತಾರೆ. ಆರಂಭದ ಹಂತದಲ್ಲಿ ಇದು ರೋಗಿಯ ಗಮನಕ್ಕೆ ಬರುವುದೇ ಇಲ್ಲ, ಸಿಲಿಂಡರ್ ಪವರ್ ಪದೇಪದೇ ಬದಲಾಗುತ್ತಿದೆ ಎಂದಷ್ಟೇ ಕಾಣುತ್ತದೆ. ಇಂಥ ಕಣ್ಣಿಗೆ ಲೇಸರ್ ಹಾಯಿಸಿದರೆ ಉಳಿದ ಭಾಗ ಕಣ್ಣೊಳಗಿನ ಒತ್ತಡ ತಾಳಲಾರದೆ ಉಬ್ಬುವ ಎಕ್ಟೇಸಿಯಾ ಎಂಬ ತೊಡಕು ಬರಬಹುದು. ಅದು ವಿರಳ, ಆದರೆ ಬಂದರೆ ಕನ್ನಡಕವೂ ಕೈಕೊಡುವ ಸ್ಥಿತಿಗೆ ತಂದಿಡುತ್ತದೆ. ಆದ್ದರಿಂದ ಕಾರ್ನಿಯಾದ ಮುಂದಿನ ಮತ್ತು ಹಿಂದಿನ ಎರಡೂ ಮೈಗಳ ನಕ್ಷೆ ತೆಗೆಯುವ ಟೊಮೊಗ್ರಫಿ ಪರೀಕ್ಷೆಯಾಗದೆ ದಿನಾಂಕ ಗೊತ್ತು ಮಾಡಬೇಡಿ. ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ ಇದ್ದರೆ ಅದನ್ನು ಕೇಳದಿದ್ದರೂ ಹೇಳಿ. ಕಣ್ಣುಜ್ಜುವ ಅಭ್ಯಾಸವಿದ್ದರೆ ಅದನ್ನೂ ಹೇಳಿ. ಅಲರ್ಜಿಯ ತುರಿಕೆಯಿಂದ ಬಲವಾಗಿ ಉಜ್ಜುವುದು ಈ ರೋಗದೊಂದಿಗೆ ನಿಕಟವಾಗಿ ತಳುಕು ಹಾಕಿಕೊಂಡಿದೆ.

ಪರೀಕ್ಷೆಗೆ ಹೋಗುವ ಮುನ್ನ ಕಾಂಟ್ಯಾಕ್ಟ್ ಲೆನ್ಸ್ ಹಾಕುವುದನ್ನು ನಿಲ್ಲಿಸಬೇಕು. ಲೆನ್ಸ್ ಒತ್ತಿ ಒತ್ತಿ ಕಾರ್ನಿಯಾದ ಆಕಾರವನ್ನೇ ತಾತ್ಕಾಲಿಕವಾಗಿ ಬದಲಿಸಿರುತ್ತದೆ. ಆ ಸ್ಥಿತಿಯಲ್ಲಿ ತೆಗೆದ ಅಳತೆ ತಪ್ಪಾದರೆ ತಪ್ಪು ಅಳತೆಗೇ ಶಸ್ತ್ರಚಿಕಿತ್ಸೆ ನಡೆದುಹೋಗುತ್ತದೆ. ಮೃದು ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಮೂರು ನಾಲ್ಕು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಕನ್ನಡಕದಲ್ಲಿಯೇ ಇರಬೇಕು.

ಪವರ್ ಬದಲಾಗುವುದು ನಿಂತಿದೆಯೇ ಎಂಬುದು ಮುಂದಿನ ಹಂತ. ವಯಸ್ಸು 18 ದಾಟಿದೆ ಎಂದ ಮಾತ್ರಕ್ಕೆ ಸಾಲದು. ಕಳೆದ ಒಂದು ವರ್ಷದಲ್ಲಿ ಪವರ್ ಅರ್ಧ ಡಯಾಪ್ಟರ್‌ಗಿಂತ ಹೆಚ್ಚು ಬದಲಾಗಿರಬಾರದು. ಹಳೆಯ ಕನ್ನಡಕದ ಚೀಟಿಗಳನ್ನು ಹುಡುಕಿ ತಾರೀಖಿನ ಪ್ರಕಾರ ಜೋಡಿಸಿದರೆ ಇದು ನಿಮಗೇ ಗೊತ್ತಾಗುತ್ತದೆ. ಬಸಿರು ಮತ್ತು ಬಾಣಂತನದ ಅವಧಿಯಲ್ಲಿ ಹಾರ್ಮೋನುಗಳ ಏರುಪೇರಿನಿಂದ ಪವರ್ ಅತ್ತಿತ್ತ ಆಗುವುದರಿಂದ ಹಾಲೂಡಿಸುವುದು ನಿಂತು ಕೆಲವು ತಿಂಗಳು ಕಳೆಯುವವರೆಗೆ ಕಾಯಬೇಕು. ಹತೋಟಿಗೆ ಬಾರದ ಮಧುಮೇಹ, ಸಂಧಿವಾತ ಅಥವಾ ಲ್ಯೂಪಸ್‌ನಂಥ ಸ್ವಯಂ ಪ್ರತಿರಕ್ಷಣಾ ರೋಗ, ಹಿಂದೆ ಕಣ್ಣಿಗೆ ತಗುಲಿದ ಹರ್ಪಿಸ್ ಸೋಂಕು, ಮೊಡವೆಗೆ ತೆಗೆದುಕೊಳ್ಳುವ ಐಸೊಟ್ರೆಟಿನಾಯಿನ್ ಮಾತ್ರೆ, ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡಬಾರದು. ಇವು ಗಾಯ ಮಾಯುವುದನ್ನೋ ಕಣ್ಣೀರು ಒಸರುವುದನ್ನೋ ಕೆಡಿಸುತ್ತವೆ, ಹರ್ಪಿಸ್ ಆದರೆ ಮತ್ತೆ ಮರುಕಳಿಸಬಹುದು.

ಇಷ್ಟೂ ಹಂತ ದಾಟಿದವರು ಇನ್ನು ಪಡೆಯುವುದೇನು, ತೆರುವುದೇನು ಎಂದು ತೂಗಿ ನೋಡಬೇಕು. ಪಡೆಯುವುದು ಸಣ್ಣದಲ್ಲ: ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಕನ್ನಡಕವಿಲ್ಲದೆ 6/12 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಬರುತ್ತದೆ, ಬಹುಪಾಲು ಜನ 6/6ನ್ನು, ಅಂದರೆ ಸಹಜ ದೃಷ್ಟಿಯನ್ನು, ಮುಟ್ಟುತ್ತಾರೆ. ತೆರುವುದರಲ್ಲಿ ಮೊದಲನೆಯದು ಒಣಕಣ್ಣು. ಕಾರ್ನಿಯಾ ದೇಹದಲ್ಲೇ ಅತಿ ಹೆಚ್ಚು ನರತಂತುಗಳಿರುವ ಭಾಗಗಳಲ್ಲಿ ಒಂದು. ಮುಚ್ಚಳ ಕತ್ತರಿಸುವಾಗ ಆ ತಂತುಗಳೂ ತುಂಡಾಗುತ್ತವೆ, ಕಣ್ಣು ಒಣಗಿದೆ ಎಂಬ ಸುದ್ದಿ ಮಿದುಳಿಗೆ ಸರಿಯಾಗಿ ತಲುಪದೆ ಕಣ್ಣೀರೂ ರೆಪ್ಪೆ ಬಡಿತವೂ ಕಡಿಮೆಯಾಗುತ್ತವೆ. ತಂತುಗಳು ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತವೆ, ಆದ್ದರಿಂದ ಹೆಚ್ಚಿನವರಿಗೆ ಆರು ತಿಂಗಳು ಒಂದು ವರ್ಷದಲ್ಲಿ ತೊಂದರೆ ಇಳಿಯುತ್ತದೆ. ಎರಡನೆಯದು ರಾತ್ರಿಯ ನೋಟ. ಕತ್ತಲಲ್ಲಿ ಪಾಪೆ ಹಿಗ್ಗಿದಾಗ ಲೇಸರ್ ಮುಟ್ಟಿದ ವಲಯದ ಅಂಚಿನಿಂದಲೂ ಬೆಳಕು ಒಳಬರುತ್ತದೆ, ಎದುರಿನ ವಾಹನದ ದೀಪದ ಸುತ್ತ ಪ್ರಭಾವಳಿಯೋ ಚಿಮ್ಮುವ ಕಿರಣಗಳೋ ಕಾಣಿಸುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ನಡೆಸಿದ ಪ್ರೌಲ್ ಅಧ್ಯಯನಗಳಲ್ಲಿ, ಲ್ಯಾಸಿಕ್‌ಗೆ ಮುನ್ನ ಇಂಥ ಯಾವ ಲಕ್ಷಣವೂ ಇಲ್ಲದಿದ್ದವರಲ್ಲಿ ಶೇಕಡಾ 40ಕ್ಕೂ ಹೆಚ್ಚು ಜನ ಮೂರು ತಿಂಗಳ ನಂತರ ಒಂದಲ್ಲ ಒಂದು ಹೊಸ ಲಕ್ಷಣ ಕಾಣಿಸುತ್ತಿದೆ ಎಂದರು; ಒಣಕಣ್ಣಿನ ತೊಂದರೆ ಇಲ್ಲದಿದ್ದವರಲ್ಲಿ ಶೇಕಡಾ 28ರವರೆಗೆ ಜನ ಅದು ಶುರುವಾಯಿತೆಂದರು. ಅದೇ ಅಧ್ಯಯನಗಳಲ್ಲಿ, ದೃಷ್ಟಿಯ ಲಕ್ಷಣದಿಂದಾಗಿ ದಿನನಿತ್ಯದ ಕೆಲಸಕ್ಕೇ ಬಹಳ ತೊಡಕಾಗಿದೆ ಎಂದವರು ಶೇಕಡಾ 1ಕ್ಕಿಂತ ಕಡಿಮೆ. ಈ ಎರಡು ಬಗೆಯ ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು. ಮಾರಾಟಕ್ಕೆ ನಿಂತವರು ಕೊನೆಯದನ್ನು ಮಾತ್ರ ಹೇಳುತ್ತಾರೆ, ಹೆದರಿಸುವವರು ಮೊದಲಿನವನ್ನು ಮಾತ್ರ.

ಹಾಗಾಗಿ ನಿಮ್ಮ ದಿನ ಹೇಗೆ ಕಳೆಯುತ್ತದೆ ಎಂಬುದನ್ನೇ ಆಧಾರವಾಗಿಟ್ಟು ತೂಗಿ. ರಾತ್ರಿ ವಾಹನ ಓಡಿಸುವುದೇ ಕಸುಬಾಗಿರುವವರಿಗೆ ಪ್ರಭಾವಳಿ ದೊಡ್ಡ ವಿಷಯ. ಹವಾನಿಯಂತ್ರಿತ ಕೋಣೆಯಲ್ಲಿ ಹತ್ತು ಗಂಟೆ ಪರದೆ ನೋಡುವವರಿಗೆ, ಅದರಲ್ಲೂ ಈಗಾಗಲೇ ಲೆನ್ಸ್ ಹಾಕಲಾರದಷ್ಟು ಕಣ್ಣು ಚುರುಗುಟ್ಟುವವರಿಗೆ ಒಣಕಣ್ಣು ದೊಡ್ಡ ವಿಷಯ. ಲೆನ್ಸ್ ಹೊಂದದ ಕಾರಣಕ್ಕೇ ಲೇಸರ್ ಕಡೆಗೆ ಬಂದವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಲೆನ್ಸನ್ನು ಒಲ್ಲೆನೆಂದ ಒಣಕಣ್ಣು ಲೇಸರ್‌ನಿಂದ ಇನ್ನಷ್ಟು ಕೆರಳಬಹುದು. ಕಣ್ಣೀರಿನ ಪ್ರಮಾಣವನ್ನು ಕಾಗದದ ಪಟ್ಟಿಯಿಂದ ಅಳೆಯುವ ಶಿರ್ಮರ್ ಪರೀಕ್ಷೆಯನ್ನು ಮೊದಲೇ ಮಾಡಿಸಿ, ಒಣಗುವಿಕೆ ಇದ್ದರೆ ಅದಕ್ಕೆ ಚಿಕಿತ್ಸೆ ಪಡೆದು, ಆಮೇಲೆ ಮುಂದುವರಿಯಬೇಕು.

ನಲವತ್ತರ ಆಸುಪಾಸಿನವರು ನಿಲ್ಲಬೇಕಾದ ತಾಣ ಇನ್ನೊಂದಿದೆ. ಚಾಳೀಸು ಬರುವುದು ಕಾರ್ನಿಯಾದಿಂದಲ್ಲ, ಕಣ್ಣೊಳಗಿನ ಮಸೂರ ಪೆಡಸಾಗುವುದರಿಂದ. ಲೇಸರ್ ಅದನ್ನು ತಡೆಯಲಾರದು. ಮೈನಸ್ 2 ಅಥವಾ 3 ಪವರ್ ಇರುವವರು ಐವತ್ತರಲ್ಲೂ ಕನ್ನಡಕ ತೆಗೆದಿಟ್ಟು ಪತ್ರಿಕೆ ಓದುತ್ತಾರೆ, ಸೂಜಿಗೆ ದಾರ ಪೋಣಿಸುತ್ತಾರೆ. ದೂರದ ನೋಟವನ್ನು ಪೂರ್ತಿ ಸರಿಪಡಿಸಿಕೊಂಡರೆ ಈ ಸೌಕರ್ಯ ಹೋಗುತ್ತದೆ, ಬೀದಿಯಲ್ಲಿ ಬಿಟ್ಟ ಕನ್ನಡಕ ಮೇಜಿನ ಬಳಿ ಮೂಗೇರುತ್ತದೆ. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಮೊನೊವಿಷನ್ ಎಂಬ ಉಪಾಯವಿದೆ; ಕೆಲವರ ಮಿದುಳು ಅದಕ್ಕೆ ಸಲೀಸಾಗಿ ಒಗ್ಗುತ್ತದೆ, ಕೆಲವರಿಗೆ ಮೆಟ್ಟಿಲಿಳಿಯುವಾಗ ಅಂದಾಜು ತಪ್ಪುತ್ತದೆ. ಅದನ್ನು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಕೆಲವು ವಾರ ಬಾಳಿ ನೋಡದೆ ಎಂದೂ ಒಪ್ಪಬೇಡಿ.

ವಿಧಾನದ ಆಯ್ಕೆ ಈ ಎಲ್ಲದರ ನಂತರ ಬರುವ ಮಾತು. ಲ್ಯಾಸಿಕ್‌ನಲ್ಲಿ ಮರುದಿನವೇ ನೋಟ ತಿಳಿಯಾಗುತ್ತದೆ, ಆದರೆ ಮುಚ್ಚಳಕ್ಕೆ ಜೋರಾದ ಪೆಟ್ಟು ಬಿದ್ದರೆ ವರ್ಷಗಳ ನಂತರವೂ ಅದು ಸರಿಯುವ ಸಣ್ಣ ಅಪಾಯ ಉಳಿದಿರುತ್ತದೆ. ಮುಷ್ಟಿಕಾಳಗ, ಕುಸ್ತಿಯಂಥ ಆಟದವರಿಗೂ ಕಾರ್ನಿಯಾ ತೆಳುವಾಗಿರುವವರಿಗೂ ಮುಚ್ಚಳವೇ ಇಲ್ಲದ ಪಿಆರ್‌ಕೆ ಹೆಚ್ಚು ಹೊಂದುತ್ತದೆ. ಅದರಲ್ಲಿ ಮೇಲಿನ ತೆಳುಪೊರೆಯನ್ನು ತೆಗೆದು ಲೇಸರ್ ಹಾಯಿಸುತ್ತಾರೆ, ಆ ಪೊರೆ ಮತ್ತೆ ಬೆಳೆಯುವ ಮೂರು ನಾಲ್ಕು ದಿನ ನೋವು ನಿಜಕ್ಕೂ ಇರುತ್ತದೆ ಮತ್ತು ನೋಟ ಪೂರ್ಣ ತಿಳಿಯಾಗಲು ವಾರಗಳು ಹಿಡಿಯುತ್ತವೆ. ಸ್ಮೈಲ್ ವಿಧಾನದಲ್ಲಿ ಕಾರ್ನಿಯಾದೊಳಗೆ ತೆಳುವಾದ ಬಿಲ್ಲೆಯೊಂದನ್ನು ಲೇಸರ್‌ನಿಂದ ಬಿಡಿಸಿ 2ರಿಂದ 4 ಮಿಲಿಮೀಟರ್ ಸೀಳಿನ ಮೂಲಕ ಹೊರತೆಗೆಯುತ್ತಾರೆ. ನರತಂತುಗಳು ತುಂಡಾಗುವುದು ಕಡಿಮೆ, ಆದರೆ ಪವರ್ ಸ್ವಲ್ಪ ಉಳಿದರೆ ಎರಡನೆಯ ಬಾರಿ ತಿದ್ದುವುದು ಲ್ಯಾಸಿಕ್‌ನಷ್ಟು ಸರಳವಲ್ಲ. ಲೆಕ್ಕ ಯಾವ ರೀತಿಯಲ್ಲೂ ಕೂಡಿಬಾರದಷ್ಟು ಹೆಚ್ಚು ಪವರ್ ಇರುವವರಿಗೆ ಕಾರ್ನಿಯಾವನ್ನು ಮುಟ್ಟದೆ ಕಣ್ಣೊಳಗೆ ಹೆಚ್ಚುವರಿ ಮಸೂರ ಕೂರಿಸುವ ಐಸಿಎಲ್ ಇದೆ. ಬೇಕಾದರೆ ಅದನ್ನು ಹೊರತೆಗೆಯಬಹುದು, ಆದರೆ ಅದು ಕಣ್ಣಿನ ಒಳಗೆ ನಡೆಯುವ ಶಸ್ತ್ರಚಿಕಿತ್ಸೆಯಾದ್ದರಿಂದ ಅದರ ಅಪಾಯಗಳೂ ಬೇರೆ.

ನಿರ್ಧಾರಕ್ಕಾಗಿ ವೈದ್ಯರನ್ನು ಕಾಣುವಾಗ, ಅಳತೆ ತೆಗೆದ ದಿನವೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದಿರುವುದು ಒಳ್ಳೆಯ ಪದ್ಧತಿ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೇ ನಿಮ್ಮೊಂದಿಗೆ ಮಾತನಾಡಬೇಕು. ಸಲಹೆಗಾರರ ಮಾತು ಅದಕ್ಕೆ ಬದಲಿಯಲ್ಲ. ನನ್ನ ಕಣ್ಣಿನಲ್ಲಿ ನಿಮಗೆ ಆತಂಕ ಹುಟ್ಟಿಸುವ ಅಂಶ ಯಾವುದು, ಪವರ್ ಉಳಿದರೆ ಮತ್ತೆ ತಿದ್ದುವಷ್ಟು ಅಂಗಾಂಶ ಇರುತ್ತದೆಯೇ, ತೊಡಕಾದರೆ ನೋಡಿಕೊಳ್ಳುವವರು ಯಾರು ಎಂದು ಕೇಳಿ. ನಿಮ್ಮ ಕಣ್ಣು ಇದಕ್ಕೆ ತಕ್ಕದ್ದಲ್ಲ ಎಂದು ಯಾರಾದರೂ ಹೇಳಿದರೆ, ಒಪ್ಪುವ ಇನ್ನೊಬ್ಬರು ಸಿಗುವವರೆಗೆ ಬಾಗಿಲಿಂದ ಬಾಗಿಲಿಗೆ ಅಲೆಯಬೇಡಿ. ಎರಡನೆಯ ಅಭಿಪ್ರಾಯ ಬೇಕು, ಐದನೆಯದು ಬೇಡ.

ಚಿಕಿತ್ಸೆಯ ನಂತರವೂ ಬದಲಾಗದ ಒಂದು ಸಂಗತಿಯನ್ನು ಹೆಚ್ಚು ಪವರ್ ಇದ್ದವರು ಮರೆತುಬಿಡುತ್ತಾರೆ. ಮೈನಸ್ ಪವರ್ ಹೆಚ್ಚಿರುವ ಕಣ್ಣು ಸಾಮಾನ್ಯವಾಗಿ ಉದ್ದವಾಗಿರುತ್ತದೆ, ಅದರ ಒಳಗಿನ, ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾ ಎಳೆದಂತಾಗಿ ತೆಳುವಾಗಿರುತ್ತದೆ. ಲೇಸರ್ ಮುಂಭಾಗವನ್ನು ತಿದ್ದುತ್ತದೆಯೇ ಹೊರತು ಕಣ್ಣಿನ ಉದ್ದವನ್ನಲ್ಲ. ರೆಟಿನಾ ಹರಿಯುವ ಅಥವಾ ಕಳಚುವ ಅಪಾಯ ಕನ್ನಡಕದೊಂದಿಗೆ ಹೋಗಿಬಿಡುವುದಿಲ್ಲ. ಪಾಪೆ ಹಿಗ್ಗಿಸಿ ರೆಟಿನಾ ನೋಡುವ ಪರೀಕ್ಷೆಯನ್ನು ಮೊದಲೂ ಮಾಡಿಸಬೇಕು, ಆಮೇಲೂ ಮುಂದುವರಿಸಬೇಕು. ಕಣ್ಣ ಮುಂದೆ ಮಿಂಚು ಹೊಳೆದಂತಾದರೆ ಅಥವಾ ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಿದರೆ ತಡಮಾಡದೆ ನೇತ್ರತಜ್ಞರ ಬಳಿಗೆ ಹೋಗಬೇಕು.

ಕೊನೆಯದಾಗಿ, ಶಸ್ತ್ರಚಿಕಿತ್ಸೆಗೆ ಮುಂಚಿನ ಪವರ್, ಕಾರ್ನಿಯಾದ ವಕ್ರತೆ ಮತ್ತು ದಪ್ಪದ ಅಳತೆಗಳ ಒಂದು ಪ್ರತಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಮನೆಯ ಮುಖ್ಯ ಕಾಗದಗಳ ಜೊತೆ ಇಡಿ. ಲೇಸರ್‌ನಿಂದ ತೆಳುವಾದ ಕಾರ್ನಿಯಾದ ಮೇಲೆ ಕಣ್ಣೊತ್ತಡ ಅಳೆದಾಗ ನಿಜಕ್ಕಿಂತ ಕಡಿಮೆ ತೋರಿಸುವುದರಿಂದ, ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ರೋಗದ ತಪಾಸಣೆಯಲ್ಲಿ ವೈದ್ಯರು ಮೋಸಹೋಗಬಹುದು. ಇಪ್ಪತ್ತು ಮೂವತ್ತು ವರ್ಷಗಳ ನಂತರ ಕಣ್ಣಿಗೆ ಪೊರೆ ಬಂದಾಗ ಕೂರಿಸಬೇಕಾದ ಮಸೂರದ ಲೆಕ್ಕವೂ ಲೇಸರ್ ಆದ ಕಣ್ಣಿನಲ್ಲಿ ಸುಲಭವಾಗಿ ತಪ್ಪುತ್ತದೆ. ಆ ದಿನ ನಿಮ್ಮನ್ನು ನೋಡುವ ವೈದ್ಯರಿಗೆ ಈ ಒಂದು ಹಾಳೆ ಬಹಳ ಕೆಲಸಕ್ಕೆ ಬರುತ್ತದೆ.