ಮನೆ ವೈರಿಂಗ್ ಮಾಡುವವರನ್ನು ಸೋಲಾರ್ ಕೆಲಸಕ್ಕೆ ತಯಾರು ಮಾಡಿದ ಬಗೆ

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ, 3 ಕಿಲೋವ್ಯಾಟ್ ಸೋಲಾರ್ ಹಾಕಿಸುವ ಮನೆಗೆ 78,000 ರೂಪಾಯಿ ಸಹಾಯಧನ ಸಿಗುತ್ತಿದೆ. ಪ್ಯಾನೆಲ್ಲೂ, ಅದರ ಕರೆಂಟನ್ನು ಮನೆ ಕರೆಂಟಾಗಿ ಬದಲಿಸುವ ಇನ್ವರ್ಟರೂ ಈಗ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತವೆ. ಅವನ್ನು ನೆಟ್ಟಗೆ ಕೂರಿಸುವವರು ಮಾತ್ರ ಸಿಗುವುದು ಕಷ್ಟ. ತುಮಕೂರು ಸುತ್ತಮುತ್ತ ಈ ಕೆಲಸಕ್ಕೆ ಜನರನ್ನು ತಯಾರು ಮಾಡುವಾಗ ನಾವು ಹೊಸಬರನ್ನು ಹುಡುಕುವ ಬದಲು, ಆಗಲೇ ಮನೆ ವೈರಿಂಗ್ ಮಾಡಿಕೊಂಡಿದ್ದವರನ್ನೇ ಹಿಡಿದೆವು.

ಸರ್ಕಾರದ ಸೂರ್ಯಮಿತ್ರ ತರಬೇತಿ 2015ರಿಂದ ಇದೆ. 600 ಗಂಟೆ, ಅಂದರೆ ಸುಮಾರು ಮೂರು ತಿಂಗಳು. ಐಟಿಐ ಮುಗಿಸಿ ಖಾಲಿ ಇರುವ ಹುಡುಗನಿಗೆ ಅದು ಒಳ್ಳೆಯದೇ. ಆದರೆ ದಿನಗೂಲಿಯಲ್ಲಿ ಸಂಸಾರ ತೂಗಿಸುವ ವೈರ್‌ಮನ್ ಮೂರು ತಿಂಗಳು ಕೆಲಸ ಬಿಟ್ಟು ಬರಲಾರ. ಹಾಗಾಗಿ ವಾರಕ್ಕೆ ಎರಡೇ ದಿನ ಪಾಠ, ಉಳಿದ ದಿನ ಅವರವರ ಕೆಲಸ. ತಂಡಕ್ಕೆ ನಾಲ್ವರು: ಇಬ್ಬರು ವೈರ್‌ಮನ್, ಒಬ್ಬ ವೆಲ್ಡರ್, ಒಬ್ಬ ಪ್ಲಂಬರ್. ಪ್ಲಂಬರ್ ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇವೆ.

ಕಲಿಕೆಗೆ ನೆಲದ ಮೇಲೇ ಒಂದು ಸುಳ್ಳು ತಾರಸಿ ಕಟ್ಟಿಕೊಳ್ಳಬೇಕು. ಹತ್ತು ಅಡಿಗೆ ಹನ್ನೆರಡು ಅಡಿ ಕಾಂಕ್ರೀಟ್, ಮೂರಡಿ ಪ್ಯಾರಾಪೆಟ್, ಮೂಲೆಯಲ್ಲಿ ಖಾಲಿ ಸಿಂಟೆಕ್ಸ್ ಟ್ಯಾಂಕು, ಪಕ್ಕದಲ್ಲಿ ಮಂಗಳೂರು ಹೆಂಚು ಹೊದಿಸಿದ ಸಣ್ಣ ಇಳಿಜಾರು. ಗಾಜು ಒಡೆದ ಹಳೇ ಪ್ಯಾನೆಲ್ ನಾಲ್ಕಾರು ಇದ್ದರೆ ಎತ್ತಿ ಇಳಿಸುವ ಅಭ್ಯಾಸಕ್ಕೆ ಸಾಕು. 540 ವ್ಯಾಟ್ ಪ್ಯಾನೆಲ್ ಸುಮಾರು 28 ಕೆಜಿ, ಏಳೂವರೆ ಅಡಿ ಉದ್ದ. ನಮ್ಮವರು ಮೊದಲು ಮಾಡುವುದೇ ತಲೆಗೆ ಸಿಂಬಿ ಸುತ್ತಿ ಅದನ್ನು ಹೊರುವುದು. ಹಾಗೆ ಹೊತ್ತರೆ ನಡುಭಾಗ ಬಾಗಿ ಒಳಗಿನ ಸೆಲ್‌ಗಳು ಕೂದಲೆಳೆಯಷ್ಟು ಬಿರಿಯುತ್ತವೆ. ಕಣ್ಣಿಗೆ ಕಾಣುವುದಿಲ್ಲ, ವರ್ಷ ಕಳೆದ ಮೇಲೆ ಉತ್ಪಾದನೆ ಇಳಿದಾಗ ಗೊತ್ತಾಗುತ್ತದೆ. ಇಬ್ಬರು ಎರಡು ತುದಿಯ ಚೌಕಟ್ಟು ಹಿಡಿದು ನಿಲ್ಲಿಸಿಕೊಂಡು ಒಯ್ಯಬೇಕು. ಹಿಂದಿನ ಡಬ್ಬಿಯನ್ನಾಗಲಿ ವೈರನ್ನಾಗಲಿ ಹಿಡಿದು ಎತ್ತುವಂತಿಲ್ಲ.

ವೈರ್‌ಮನ್‌ಗೆ ಕಲಿಸುವುದಕ್ಕಿಂತ ಅವನ ಅಭ್ಯಾಸ ಬಿಡಿಸುವುದು ಹೆಚ್ಚಿನ ಕೆಲಸ. ಮೊದಲನೆಯದು ಜೇಬಿನ ಟೆಸ್ಟರ್. ಒಂದರ ಹಿಂದೊಂದು ಜೋಡಿಸಿದ ಪ್ಯಾನೆಲ್ ಸಾಲಿನ ಎರಡೂ ತಂತಿಗೆ ಅರ್ಥ್ ಸಂಪರ್ಕ ಇರುವುದಿಲ್ಲ. ಆದ್ದರಿಂದ 270 ವೋಲ್ಟ್ ಇದ್ದರೂ ಟೆಸ್ಟರ್ ಉರಿಯುತ್ತದೆ ಎಂದು ನಂಬುವಂತಿಲ್ಲ. ಎರಡನೆಯದು, ‘ಮೇನ್ ಆಫ್ ಮಾಡಿದೀನಿ, ಮುಟ್ಟಬಹುದು’ ಅನ್ನುವ ಧೈರ್ಯ. ಮೇನ್ ಆಫ್ ಆದರೂ ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್ ಕಡೆ ಕರೆಂಟ್ ಇದ್ದೇ ಇರುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ಹಾರಿದರೂ ಆರಿಹೋಗುತ್ತದೆ. ಪ್ಯಾನೆಲ್ ಕೊಡುವುದು ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟು; ಅದರ ಕಿಡಿ ಹಾಗೆ ಆರುವುದಿಲ್ಲ, ಎಳೆದಷ್ಟೂ ಉದ್ದವಾಗುತ್ತದೆ. ಬಿಚ್ಚುವ ಕ್ರಮ ಇಷ್ಟು: ಮನೆ ಕಡೆಯ ಸ್ವಿಚ್ಚಾದ ಎಸಿ ಎಂಸಿಬಿ ಆಫ್, ಆಮೇಲೆ ಪ್ಯಾನೆಲ್ ಕಡೆಯ ಸ್ವಿಚ್ಚಾದ ಡಿಸಿ ಐಸೊಲೇಟರ್ ಆಫ್, ತಂತಿಯನ್ನು ಸುತ್ತಿ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರ್‌ನಲ್ಲಿ ಆಂಪಿಯರ್ ಸೊನ್ನೆ ನೋಡಿ, ಆಮೇಲೆ ಪ್ಯಾನೆಲ್ ವೈರುಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್‌ಗೆ ಕೈ. ಈ ಕ್ರಮವನ್ನು ಬಾಯಲ್ಲಿ ಹೇಳುತ್ತಾ ಮಾಡಿಸುತ್ತೇವೆ. ಕ್ಲ್ಯಾಂಪ್ ಮೀಟರ್ ಡಿಸಿ ಅಳೆಯುವಂಥದ್ದೇ ಆಗಿರಬೇಕು. ಅಗ್ಗದವು ಎಸಿ ಮಾತ್ರ ಅಳೆಯುತ್ತವೆ, ಡಿಸಿಗೆ ಹಾಕಿದರೆ ಸೊನ್ನೆ ತೋರಿಸಿ ಮೋಸ ಮಾಡುತ್ತವೆ.

ಎಂಸಿ4 ಕ್ರಿಂಪ್, ಅಂದರೆ ಕೇಬಲ್ ತುದಿಗೆ ಪಿನ್ನು ಒತ್ತಿ ಕೂರಿಸುವುದು, ಮಾಡಿಸುವುದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇವೆ. 4 ಚದರ ಮಿಲಿಮೀಟರ್ ಸೋಲಾರ್ ಕೇಬಲ್, ತುದಿಯಲ್ಲಿ 7 ಮಿಲಿಮೀಟರ್‌ನಷ್ಟು ಸಿಪ್ಪೆ ತೆಗೆಯಬೇಕು, ಒಂದು ಎಳೆಯೂ ತುಂಡಾಗಬಾರದು. ಲೋಹದ ಪಿನ್ನಿಗೆ ಕೂರಿಸಿ ಅದಕ್ಕೆಂದೇ ಇರುವ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿ, ಎಳೆದು ನೋಡಿ, ‘ಟಕ್’ ಅನ್ನುವವರೆಗೆ ಕನೆಕ್ಟರಿನ ಪ್ಲಾಸ್ಟಿಕ್ ಕವಚದೊಳಗೆ ತಳ್ಳಿ, ಹಿಂದಿನ ನಟ್ ಬಿಗಿ ಮಾಡಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿದ ಜಾಯಿಂಟ್ ಕೂಡ ಮೊದಲ ದಿನ ಚೆನ್ನಾಗೇ ಕೆಲಸ ಮಾಡುತ್ತದೆ, ಅದೇ ಅಪಾಯ. ಸಡಿಲ ಜಾಯಿಂಟ್‌ನಲ್ಲಿ 0.1 ಓಮ್ ತಡೆ ಇದ್ದು 13 ಆಂಪಿಯರ್ ಹರಿದರೆ, ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ಕಿನೊಳಗೆ 17 ವ್ಯಾಟ್ ಬಿಸಿ. ಒಂದು ಬೇಸಿಗೆಯಲ್ಲೇ ಕರಗಬಹುದು. ಪ್ರತಿಯೊಬ್ಬರೂ ಇಪ್ಪತ್ತು ಜೊತೆ ಮಾಡಬೇಕು, ಅದರಲ್ಲಿ ಯಾವುದಾದರೂ ಐದನ್ನು ಹ್ಯಾಕ್ಸಾದಲ್ಲಿ ಅಡ್ಡಕ್ಕೆ ಕೊಯ್ದು ನೋಡುತ್ತೇವೆ. ಎಳೆಗಳೆಲ್ಲ ಸೇರಿ ಒಂದೇ ಗಟ್ಟಿಯಾಗಿ ಕಂಡರೆ ಪಾಸು, ನಡುವೆ ಕಿಂಡಿ ಕಂಡರೆ ಮತ್ತೆ ಇಪ್ಪತ್ತು. ಒಂದು ಕಂಪನಿಯ ಗಂಡು ಪಿನ್ನಿಗೆ ಇನ್ನೊಂದರ ಹೆಣ್ಣು ಪಿನ್ನು ಸೇರುತ್ತದೆ, ಆದರೂ ಸೇರಿಸಬಾರದು. ಅಳತೆಯ ಸೂಕ್ಷ್ಮ ವ್ಯತ್ಯಾಸ ಸಾಕು ಬಿಸಿಯಾಗಲು.

ತಾರಸಿ ನೋಡುವ ಕಣ್ಣು ಬೇರೆಯೇ ಒಂದು ವಿದ್ಯೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಒಳ್ಳೆ ಬಿಸಿಲಿನ ಜಾಗವನ್ನು ಸೋಲಾರ್ ಗೀಸರ್ ಆಗಲೇ ಹಿಡಿದಿರುತ್ತದೆ, ಅದರ ಟ್ಯಾಂಕಿನ ನೆರಳು ಪ್ಯಾನೆಲ್ ಮೇಲೆ ಬೀಳುತ್ತದೆ. ಡಿಸೆಂಬರ್ 21ರ ಮಧ್ಯಾಹ್ನ ಇಲ್ಲಿ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣಕ್ಕೆ ಮೂರು ಮೀಟರ್ ಎತ್ತರದ ಟ್ಯಾಂಕ್ ಇದ್ದರೆ ನೆರಳು ಉತ್ತರಕ್ಕೆ ಎರಡೂಕಾಲು ಮೀಟರ್ ಚಾಚುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಉತ್ತರದ ಕಡೆ ಏನಿದ್ದರೂ ಪರವಾಗಿಲ್ಲ ಅನ್ನುವ ಪುಸ್ತಕದ ಮಾತು ನಮ್ಮ 13 ಡಿಗ್ರಿ ಅಕ್ಷಾಂಶಕ್ಕೆ ಹೊಂದುವುದಿಲ್ಲ. ಮೇ, ಜೂನ್, ಜುಲೈನಲ್ಲಿ ಸೂರ್ಯ ನಡುನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ, ಉತ್ತರದ ತೆಂಗಿನ ಮರದ ನೆರಳೂ ಬೆಳಿಗ್ಗೆ ಪ್ಯಾನೆಲ್‌ಗೆ ಬರುತ್ತದೆ.

ಚೌಕಟ್ಟು ಕೂರಿಸುವುದರಲ್ಲಿ ವೆಲ್ಡರ್‌ಗೆ ಹೇಳಬೇಕಾದ್ದು ಎರಡೇ. ಗ್ಯಾಲ್ವನೈಸ್ ಮಾಡಿದ ಕಂಬವನ್ನು ತಾರಸಿಯಲ್ಲಿ ಕೊಯ್ದರೆ, ವೆಲ್ಡ್ ಮಾಡಿದರೆ ಆ ಜಾಗದ ಸತು ಹೋಗುತ್ತದೆ. ಆದಷ್ಟೂ ಬೋಲ್ಟ್ ಹಾಕಿ, ಕೊಯ್ದ ಕಡೆ ಸತುವಿನ ಬಣ್ಣ ಬಳಿಯಬೇಕು. ಇನ್ನು ಡ್ರಿಲ್. ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟಾದ 12 ಮಿಲಿಮೀಟರ್ ಕೆಮಿಕಲ್ ಆಂಕರ್‌ಗೆ 14 ಮಿಲಿಮೀಟರ್ ತೂತು, 110 ಮಿಲಿಮೀಟರ್ ಆಳ ಬೇಕು. ಹಳೇ ಮನೆಯ ಸ್ಲ್ಯಾಬ್ ದಪ್ಪವೇ ನಾಲ್ಕರಿಂದ ಐದಿಂಚು. ಲೆಕ್ಕ ನೋಡದೆ ಕೊರೆದರೆ ಕೆಳಗಿನ ಕೋಣೆಯ ಚಾವಣಿ ಒಡೆಯುತ್ತದೆ, ಮಳೆಗಾಲಕ್ಕೆ ಸೋರುತ್ತದೆ. ಅಂಥ ಕಡೆ ಕೊರೆಯದೆ, ತೊಲೆ ಇರುವ ಸಾಲಿನ ಮೇಲೆ ಕಾಂಕ್ರೀಟ್ ದಿಮ್ಮಿ ಹಾಕಿ ವಾರ ಮೊದಲೇ ನೀರುಣಿಸಿ ಗಟ್ಟಿ ಮಾಡಿಕೊಳ್ಳುತ್ತೇವೆ. ದಿಮ್ಮಿಯ ತೂಕ ಗಾಳಿಯ ವೇಗದ ಲೆಕ್ಕದ ಮೇಲೆ: ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಒಂದೇ ನಕ್ಷೆ ಎರಡೂ ಊರಿಗೆ ಆಗುವುದಿಲ್ಲ. ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿಯ ಮನೆಯಾದರೆ ಎಂಜಿನಿಯರ್ ನೋಡದೆ ಕೆಲಸ ಒಪ್ಪಿಕೊಳ್ಳಬೇಡಿ ಎಂದೇ ಹೇಳುತ್ತೇವೆ.

ಅರ್ಥಿಂಗ್‌ಗೆ ಮೂರು ಗುಂಡಿ: ಪ್ಯಾನೆಲ್ ಚೌಕಟ್ಟಿಗೆ ಒಂದು, ಎಸಿ ಕಡೆಗೆ ಒಂದು, ಮಿಂಚುವಾಹಕಕ್ಕೆ ಒಂದು. ಅರ್ಥ್ ಟೆಸ್ಟರ್‌ನಲ್ಲಿ 5 ಓಮ್‌ಗಿಂತ ಕಡಿಮೆ ಬರಬೇಕು. ನಮ್ಮದು ಬಂಡೆಯ ನೆಲ, ಮೂರು ಮೀಟರ್ ರಾಡ್ ಇಳಿಯದ ಜಾಗವೇ ಹೆಚ್ಚು. ಅಲ್ಲಿ ಚಿಕ್ಕ ರಾಡ್ ಎರಡು ಮೂರು ಹಾಕಿ, ರಾಡಿನ ಉದ್ದಕ್ಕಿಂತ ಹೆಚ್ಚು ಅಂತರ ಬಿಟ್ಟು ಜೋಡಿಸಬೇಕು. ಪ್ಯಾನೆಲ್ ಚೌಕಟ್ಟಿನ ಅಲ್ಯೂಮಿನಿಯಂ ಮೇಲೆ ಕರೆಂಟ್ ಹರಿಯದ ತೆಳು ಪದರ ಇರುತ್ತದೆ. ಹಲ್ಲಿರುವ ವಾಷರ್ ಹಾಕಿ ಅದನ್ನು ಗೀರದಿದ್ದರೆ ಅರ್ಥ್ ವೈರ್ ಇದ್ದೂ ಇಲ್ಲದ ಹಾಗೆ.

ಹಳೇ ಮನೆಯೊಳಗೆ ಹೋದರೆ ಬೇರೆ ಲೋಕ. ಕಿಟ್‌ಕ್ಯಾಟ್ ಫ್ಯೂಸ್, ಒಣಗಿದ ಅರ್ಥ್ ಗುಂಡಿ, ಕರೆಂಟ್ ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಇಲ್ಲ. ಇದನ್ನು ಸರಿ ಮಾಡದೆ ಸೋಲಾರ್ ಜೋಡಿಸಬಾರದು. ಇನ್ವರ್ಟರ್‌ನಿಂದ ಮೀಟರ್‌ವರೆಗೆ 30 ಮೀಟರ್ ದೂರವಿದ್ದು 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದರೆ, 13 ಆಂಪಿಯರ್‌ಗೆ ಇನ್ವರ್ಟರ್ ತುದಿಯಲ್ಲಿ ಸುಮಾರು 6 ವೋಲ್ಟ್ ಏರುತ್ತದೆ. ಹಳ್ಳಿ ಲೈನಿನಲ್ಲಿ ಮಧ್ಯಾಹ್ನ ಮೊದಲೇ ವೋಲ್ಟೇಜ್ ಜಾಸ್ತಿ ಇದ್ದರೆ ಇನ್ವರ್ಟರ್ ಟ್ರಿಪ್ ಆಗಿ ಕೂರುತ್ತದೆ, ‘ಇನ್ವರ್ಟರ್ ಕೆಟ್ಟಿದೆ’ ಎಂದು ಫೋನ್ ಬರುತ್ತದೆ. 6 ಚದರ ಮಿಲಿಮೀಟರ್ ಹಾಕಿದರೆ ಏರಿಕೆ ಎರಡೂವರೆ ವೋಲ್ಟ್‌ಗೆ ಇಳಿಯುತ್ತದೆ. ಬ್ಯಾಟರಿ ಇಲ್ಲದ ವ್ಯವಸ್ಥೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ ಎಂಬುದನ್ನು ಮುಂಗಡ ತೆಗೆದುಕೊಳ್ಳುವ ಮೊದಲೇ ಮನೆಯವರಿಗೆ ಹೇಳಬೇಕು. ಆಮೇಲೆ ಹೇಳಿದರೆ ಜಗಳ.

ಜನರನ್ನು ತಯಾರು ಮಾಡಿದ ಮೇಲೆ ಉಳಿಸಿಕೊಳ್ಳುವುದು ಹೇಗೆ? ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಬಾರದ ಮನೆಯವರಿಗೆ ಸೋಲಾರ್ ಹಾಕಿಸುವ ಅವಸರ ಇರುವುದಿಲ್ಲ. ಮಳೆಗಾಲದಲ್ಲಿ ತಾರಸಿ ಕೆಲಸ ಕುಂಟುತ್ತದೆ. ಸೋಲಾರ್ ಒಂದನ್ನೇ ನಂಬಿದ ತಂಡ ಎರಡು ತಿಂಗಳಲ್ಲಿ ಚದುರುತ್ತದೆ. ಪ್ಲಂಬರ್ ಬೇಕಾಗುವುದು ಇಲ್ಲೇ: ಬೋರ್‌ವೆಲ್ ಗಡಸು ನೀರಿಗೆ ಗೀಸರ್ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಬಿಚ್ಚಿ ತೊಳೆಯುವ ಕೆಲಸ ವರ್ಷವಿಡೀ ಇರುತ್ತದೆ. ವೈರ್‌ಮನ್‌ಗೆ ಅರ್ಥಿಂಗ್, ಬೋರ್ಡ್ ಬದಲಾವಣೆ, ಬಿಎಲ್‌ಡಿಸಿ ಫ್ಯಾನ್. ಹಳೇ ಫ್ಯಾನ್ 75 ವ್ಯಾಟ್, ಕಡಿಮೆ ಕರೆಂಟ್ ತಿನ್ನುವ ಈ ಹೊಸ ಬಗೆಯ ಫ್ಯಾನ್ 30. ನಾಲ್ಕು ಫ್ಯಾನ್ ದಿನಕ್ಕೆ ಹತ್ತು ಗಂಟೆ ಓಡಿದರೆ 1.8 ಯೂನಿಟ್ ಉಳಿತಾಯ. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಕೊಡುವುದೇ ಸುಮಾರು 4 ಯೂನಿಟ್. ಹಳೇ ರೆಗ್ಯುಲೇಟರ್ ತೆಗೆದು ನೇರ ಸಂಪರ್ಕ ಕೊಡುವುದನ್ನು ಮರೆತರೆ ಹೊಸ ಫ್ಯಾನಿನ ಸರ್ಕ್ಯೂಟ್ ಸುಡಬಹುದು.

ಕೂಲಿಯನ್ನು ಕಿಲೋವ್ಯಾಟ್ ಲೆಕ್ಕದಲ್ಲಿ ಕೊಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಾಗೆ ಕೊಟ್ಟರೆ ಅವಸರವಾಗುತ್ತದೆ, ಅವಸರದಲ್ಲಿ ಮೊದಲು ಕೆಡುವುದು ಕ್ರಿಂಪ್, ಆಮೇಲೆ ಬೀಳದಂತೆ ಕಟ್ಟುವ ಸೊಂಟದ ಬೆಲ್ಟು. ದಿನಗೂಲಿ ಪೂರ್ತಿ ಕೊಟ್ಟು, ಮೂರು ತಿಂಗಳು ದೂರು ಬರದಿದ್ದರೆ ಮೇಲೆ ಒಂದಿಷ್ಟು ಕೊಡುತ್ತೇವೆ.

ಪರೀಕ್ಷೆಗೆ ಕಾಗದ ಇಲ್ಲ. ಆರು ಪ್ಯಾನೆಲ್‌ನ ಸಾಲಿನಲ್ಲಿ ಬೇಕೆಂದೇ ದೋಷ ಇಟ್ಟು, ಕೈಗೆ ಮಲ್ಟಿಮೀಟರ್ ಕೊಡುತ್ತೇವೆ. ಪ್ಯಾನೆಲ್ ಒಂದಕ್ಕೆ 25 ಡಿಗ್ರಿಯಲ್ಲಿ 49.5 ವೋಲ್ಟ್, ಆರಕ್ಕೆ 297. ಬಿಸಿಲಲ್ಲಿ ಪ್ಯಾನೆಲ್ 60 ಡಿಗ್ರಿ ಕಾದಾಗ ಅದು 270ರ ಹತ್ತಿರ ಬರುತ್ತದೆ, ಅದು ಸರಿ. 225 ಬಂದರೆ ಒಂದು ಪ್ಯಾನೆಲ್ ಸಾಲಿನಿಂದ ತಪ್ಪಿದೆ. ಮೈನಸ್ 270 ಬಂದರೆ ತುದಿ ಅದಲು ಬದಲಾಗಿದೆ. ಕಷ್ಟದ್ದು ಸಿಪ್ಪೆ ಸುಲಿದ ಕೇಬಲ್ ಚೌಕಟ್ಟಿಗೆ ತಾಗಿರುವುದು. ಐಸೊಲೇಟರ್ ಆಫ್ ಮಾಡಿ, ಪ್ಲಸ್‌ನಿಂದ ಅರ್ಥ್‌ಗೆ, ಮೈನಸ್‌ನಿಂದ ಅರ್ಥ್‌ಗೆ ಅಳೆಯಬೇಕು. ಸರಿಯಿದ್ದರೆ ಎರಡೂ ನಿಲ್ಲದೆ ಸೊನ್ನೆ ಕಡೆಗೆ ಇಳಿಯುತ್ತವೆ. ಒಂದು 90ಕ್ಕೆ, ಇನ್ನೊಂದು ಮೈನಸ್ 180ಕ್ಕೆ ಗಟ್ಟಿಯಾಗಿ ನಿಂತರೆ, ಪ್ಯಾನೆಲ್‌ಗೆ 45ರಂತೆ ಭಾಗಿಸಿ: ದೋಷ ಪ್ಲಸ್ ತುದಿಯಿಂದ ಎರಡನೇ ಮತ್ತು ಮೂರನೇ ಪ್ಯಾನೆಲ್ ನಡುವೆ ಇದೆ. ಇಡೀ ಸಾಲು ಬಿಚ್ಚದೆ ನೇರ ಅಲ್ಲಿಗೇ ಹೋಗಿ ಕೈಯಿಟ್ಟವನಿಗೆ ಮುಂದಿನ ಮನೆಯ ಕೆಲಸ ಒಪ್ಪಿಸುತ್ತೇವೆ.