ಯಾವ ಬಿಂದುವಿನ ಸುತ್ತ?

ಹತ್ತನೆಯ ತರಗತಿಯವರೆಗೆ ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೆಯ ತರಗತಿಗೆ ಸೇರಿದ ದಿನವೇ ಭೌತಶಾಸ್ತ್ರ ಇಂಗ್ಲಿಷಿಗೆ ತಿರುಗಿತು. ಬಲ, ವೇಗ, ಸಂವೇಗಗಳನ್ನು ಹೊಸ ಹೆಸರಿನಲ್ಲೂ ಗುರುತು ಹಿಡಿದೆ. ಆದರೆ ‘ಮೊಮೆಂಟ್ ಆಫ್ ಇನರ್ಶಿಯಾ’ (ತಿರುಗುವಿಕೆಗೆ ವಸ್ತು ಒಡ್ಡುವ ತಡೆಯ ಅಳತೆ) ಎಂಬಲ್ಲಿ ನಿಂತುಬಿಟ್ಟೆ. ಮನೆಯಲ್ಲಿದ್ದ ನಿಘಂಟು ತೆರೆದರೆ ಮೊಮೆಂಟ್ ಎಂದರೆ ಕ್ಷಣ. ಜಡತ್ವಕ್ಕೆ ಎಂಥ ಕ್ಷಣ? ಕೇಳುವ ಧೈರ್ಯ ಬರಲಿಲ್ಲ. ದೂರವನ್ನು ಬಲದಿಂದ ಗುಣಿಸು, ನಡುವಿನ ಕೋನದ ಸೈನ್‌ನಿಂದ ಮತ್ತೆ ಗುಣಿಸು, ಅದು ಟಾರ್ಕ್ (ಬಲದ ತಿರುಗಿಸುವ ಪರಿಣಾಮ) ಎಂದು ಬಾಯಿಪಾಠ ಮಾಡಿ ಪರೀಕ್ಷೆ ದಾಟಿದೆ. ವಿಷಯ ನಿಜವಾಗಿ ಒಳಗಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಸಂಜೆ ಹೊತ್ತು ಮನೆಗೆ ಬರುವ ಮಕ್ಕಳಿಗೆ ಇದನ್ನೇ ಹೇಳಿಕೊಡಬೇಕಾಗಿ ಬಂದಾಗ.

ಮೊದಲು ಕಲಿಸಿದ್ದು ದೋಟಿ. ಅಡಿಕೆ ಕೊಯ್ಯಲು ಅಪ್ಪ ಕಾರ್ಬನ್ ಫೈಬರಿನ ದೋಟಿ ತಂದರು. ಪೂರ್ತಿ ಎಳೆದು ನಿಲ್ಲಿಸಿದರೆ 18 ಮೀಟರ್, ತೂಕ ಸುಮಾರು 4 ಕಿಲೋ. ನಾಲ್ಕು ಕಿಲೋ ಎತ್ತುವುದು ದೊಡ್ಡ ಮಾತಲ್ಲ ಎಂದು ಹಿಡಿದೆ. ತುದಿ ಗೊನೆಯ ಕಡೆಗೆ ವಾಲಿದ್ದೇ ತಡ, ಮೇಲಿನ ಕೈ ನಡುಗತೊಡಗಿತು. “ನೆಟ್ಟಗೆ ಹಿಡಿ, ವಾಲಿಸಬೇಡ. ಬೇಕಾದರೆ ನೀನೇ ಮರದ ಬುಡಕ್ಕೆ ಹತ್ತಿರ ಹೋಗು” ಎಂದರು ಅಪ್ಪ. ತೂಕ ಅಷ್ಟೇ ಇತ್ತು, ದೋಟಿಯೂ ಅದೇ. ಹಾಗಾದರೆ ಬದಲಾದದ್ದು ಯಾವುದು?

ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಕೆಳಗಿನ ಕೈಯನ್ನು ತಿರುಗುವ ಬಿಂದು ಎಂದು ಇಟ್ಟುಕೊಂಡೆ. ದೋಟಿಯ ಕೆಳಗಿನ ಕೊಳವೆಗಳು ದಪ್ಪವಾದ್ದರಿಂದ ಅದರ ದ್ರವ್ಯರಾಶಿ ಕೇಂದ್ರ ನಡುವಿಗಿಂತ ಕೆಳಗಿರುತ್ತದೆ. ಕೈಯಿಂದ 7 ಮೀಟರ್ ಮೇಲೆ ಎಂದು ಅಂದಾಜಿಸಿದೆ. ದೋಟಿ ನೆಟ್ಟಗಿದ್ದಾಗ ಭಾರದ ರೇಖೆ ಕೈಯ ಮೂಲಕವೇ ಹಾದುಹೋಗುತ್ತದೆ, ಟಾರ್ಕ್ ಸೊನ್ನೆ. ಐದು ಡಿಗ್ರಿ ವಾಲಿದರೆ ಆ ರೇಖೆ ಕೈಯಿಂದ 61 ಸೆಂಟಿಮೀಟರ್ ಆಚೆಗೆ ಸರಿಯುತ್ತದೆ. 4 ಕಿಲೋ ಅಂದರೆ 39 ನ್ಯೂಟನ್, ಅದನ್ನು 0.61ರಿಂದ ಗುಣಿಸಿದರೆ ಸುಮಾರು 24 ನ್ಯೂಟನ್ ಮೀಟರ್. ಇದನ್ನು ತಡೆಯುವ ಮೇಲಿನ ಕೈ ಕೆಳಗಿನ ಕೈಯಿಂದ 80 ಸೆಂಟಿಮೀಟರ್ ದೂರದಲ್ಲಷ್ಟೇ ಇದೆ. ಹಾಗಾಗಿ ಅದು 30 ನ್ಯೂಟನ್, ಅಂದರೆ 3 ಕಿಲೋ ಭಾರದಷ್ಟು ಬಲವನ್ನು ಅಡ್ಡಕ್ಕೆ ಕೊಡಬೇಕು. ಹತ್ತು ಡಿಗ್ರಿಗೆ 6 ಕಿಲೋ. ಇಪ್ಪತ್ತಕ್ಕೆ 12. ನನ್ನ ಕೈ ಸೋತದ್ದು ಎಲ್ಲಿ ಎಂದು ಕಾಗದ ಸರಿಯಾಗಿ ತೋರಿಸಿತು.

ನಿಜವಾದ ಬೆಳಕು ಸಿಕ್ಕಿದ್ದು ಆ ಅಂಕಿಗಳಿಗಿಂತ ಹೆಚ್ಚಾಗಿ ಇನ್ನೊಂದು ಕಡೆ. ಕೆಳಗಿನ ಕೈ ಎಷ್ಟು ಬಲ ಹಾಕುತ್ತಿದೆ ಎಂಬುದು ನನಗೆ ಬೇಕಾಗಲೇ ಇಲ್ಲ. ಅದು ಆಯ್ದ ಬಿಂದುವಿನಲ್ಲೇ ಇದೆ, ದೂರ ಸೊನ್ನೆ, ಅದರ ಟಾರ್ಕೂ ಸೊನ್ನೆ. ಅಂದರೆ ಬಿಂದುವನ್ನು ಆರಿಸಿಕೊಳ್ಳುವ ಹಕ್ಕು ಲೆಕ್ಕ ಮಾಡುವವನದು. ಗೊತ್ತಿಲ್ಲದ ಬಲ ಎಲ್ಲಿದೆಯೋ ಅಲ್ಲೇ ಬಿಂದುವನ್ನು ಇಟ್ಟರೆ ಅದು ಲೆಕ್ಕದಿಂದಲೇ ಹೊರಗೆ ಹೋಗುತ್ತದೆ. ‘ಈ ಬಲದ ಟಾರ್ಕ್ ಎಷ್ಟು’ ಎಂಬ ಪ್ರಶ್ನೆ ಅರ್ಧ ಪ್ರಶ್ನೆ. ಯಾವ ಬಿಂದುವಿನ ಸುತ್ತ ಎಂದು ಸೇರಿಸಿದರೆ ಮಾತ್ರ ಅದು ಪೂರ್ಣವಾಗುತ್ತದೆ. ಇದನ್ನು ನನಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ ಎಂಬ ನೋವು ಇವತ್ತಿಗೂ ಇದೆ. ಅದಕ್ಕೇ ಮಕ್ಕಳು ಚಿತ್ರದಲ್ಲಿ ಆ ಬಿಂದುವಿಗೆ ಕೆಂಪು ಚುಕ್ಕೆ ಇಡದೆ ಲೆಕ್ಕ ಶುರುಮಾಡಲು ನಾನು ಬಿಡುವುದಿಲ್ಲ.

‘ಜಡತ್ವದ ಕ್ಷಣ’ದ ಗಂಟು ಬಿಚ್ಚಿದ್ದು ಬಾವಿಯ ಹಳೆಯ ಕಬ್ಬಿಣದ ರಾಟೆ. ಪಂಪು ಬಂದ ಮೇಲೆ ಅದು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿತ್ತು. ತೂಗಿದರೆ 4 ಕಿಲೋ. ಅಚ್ಚಿಗೆ ಗ್ರೀಸ್ ಹಚ್ಚಿ ಜಗಲಿಯ ಅಡ್ಡಕ್ಕೆ ಕಟ್ಟಿದೆ. ಅದರ ತೋಡಿನಲ್ಲಿ ಹಗ್ಗ ಸುತ್ತಿ, ತುದಿಗೆ 2 ಕಿಲೋದ ಕಲ್ಲು ಕಟ್ಟಿ ಬಿಟ್ಟೆ. ಎರಡು ಮೀಟರ್ ಕೆಳಗಿಳಿಯಲು ಎಷ್ಟು ಹೊತ್ತು ಎಂದು ಮೊಬೈಲಿನ ನಿಧಾನ ಚಲನೆಯ ವಿಡಿಯೊದಲ್ಲಿ ಎಣಿಸಿದೆ. ಹಗ್ಗವಿಲ್ಲದೆ ಬಿದ್ದರೆ 0.64 ಸೆಕೆಂಡು ಸಾಕು. ರಾಟೆಯ ಕಬ್ಬಿಣವೆಲ್ಲ ತಟ್ಟೆಯಂತೆ ಸಮನಾಗಿ ಹರಡಿದ್ದರೆ ಕಲ್ಲಿನ ವೇಗೋತ್ಕರ್ಷ ಗುರುತ್ವದ ಅರ್ಧ, ಕಾಲ 0.90 ಸೆಕೆಂಡು. ಎಲ್ಲವೂ ಅಂಚಿನಲ್ಲೇ ಇದ್ದರೆ ಗುರುತ್ವದ ಮೂರನೆಯ ಒಂದು ಪಾಲು, ಕಾಲ 1.11 ಸೆಕೆಂಡು. ನನಗೆ ಸಿಕ್ಕಿದ್ದು ಒಂದು ಸೆಕೆಂಡಿನ ಆಸುಪಾಸು, ಎರಡರ ನಡುವೆ. ರಾಟೆಗೆ ಕಡ್ಡಿಗಳಿವೆ, ಕಬ್ಬಿಣದ ಹೆಚ್ಚು ಪಾಲು ಅಂಚಿನಲ್ಲಿದೆ, ಹಾಗೆ ಬರಲೇಬೇಕಿತ್ತು. ಅದೇ ನಾಲ್ಕು ಕಿಲೋ ಅಚ್ಚಿನಿಂದ ಎಷ್ಟು ದೂರದಲ್ಲಿ ಕೂತಿದೆ ಎಂಬುದನ್ನು ಕಲ್ಲು ಬೀಳುವ ವೇಗ ಹೇಳಿಬಿಡುತ್ತದೆ! ಮೊಮೆಂಟ್ ಎಂಬುದಕ್ಕೂ ಗಡಿಯಾರಕ್ಕೂ ಸಂಬಂಧವಿಲ್ಲ, ಅದು ದೂರದ ಮಾತು ಎಂದು ಆಗ ಖಚಿತವಾಯಿತು.

ಉಳಿದದ್ದು ದಿಕ್ಕು. ಚಕ್ರ ತಿರುಗುವುದು ಒಂದು ಸಮತಲದಲ್ಲಿ, ಕೋನೀಯ ಸಂವೇಗದ (ತಿರುಗುವಿಕೆಯ ಸಂವೇಗದ) ದಿಕ್ಕು ತೋರಿಸುವ ಬಾಣ ಮಾತ್ರ ಅಚ್ಚಿನ ಉದ್ದಕ್ಕೆ. ಬಲಗೈ ಬೆರಳು ಮಡಚಿ ಹೆಬ್ಬೆರಳು ತೋರಿಸುವ ನಿಯಮವನ್ನು ನಾನು ವರ್ಷಗಟ್ಟಲೆ ಒಂದು ಒಪ್ಪಂದ ಎಂದಷ್ಟೇ ಭಾವಿಸಿದ್ದೆ. ಸೈಕಲ್ಲಿನ ಮುಂದಿನ ಚಕ್ರ ಕಳಚಿ, ಅಚ್ಚಿನ ಒಂದು ತುದಿಗೆ ಹಗ್ಗ ಕಟ್ಟಿ ಮಾಡಿನ ಪಕ್ಕಾಸಿನಿಂದ ತೂಗುಹಾಕಿದೆ. ಸುಮ್ಮನೆ ಬಿಟ್ಟರೆ ಚಕ್ರ ಕೆಳಕ್ಕೆ ಜೋತುಬೀಳುತ್ತದೆ. ಸೆಕೆಂಡಿಗೆ ನಾಲ್ಕು ಸುತ್ತಿನ ವೇಗದಲ್ಲಿ ತಿರುಗಿಸಿ, ಅಚ್ಚನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಕೈಬಿಟ್ಟರೆ ಬೀಳುವುದಿಲ್ಲ. ಒಂದೇ ತುದಿಯ ಆಸರೆಯಲ್ಲಿ ನಿಂತು ಹಗ್ಗದ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಭಾರ ಕೆಳಕ್ಕೆ, ಅಚ್ಚು ಅಡ್ಡಕ್ಕೆ. ಹಗ್ಗ ಕಟ್ಟಿದ ಬಿಂದುವಿನ ಸುತ್ತ ಭಾರದ ಟಾರ್ಕ್ ಇವೆರಡಕ್ಕೂ ಲಂಬ, ಅಂದರೆ ಪಕ್ಕಕ್ಕೆ. ಅಚ್ಚಿನ ಉದ್ದಕ್ಕೆ ಆಗಲೇ ಇರುವ ದೊಡ್ಡ ಬಾಣಕ್ಕೆ ಪ್ರತಿ ಕ್ಷಣವೂ ಪಕ್ಕದ ಒಂದು ಚಿಕ್ಕ ಬಾಣ ಸೇರುತ್ತದೆ, ಆದ್ದರಿಂದ ದೊಡ್ಡದು ಪಕ್ಕಕ್ಕೇ ಹೊರಳುತ್ತದೆ. ಬಲಗೈಯೋ ಎಡಗೈಯೋ ಎಂಬುದು ಒಪ್ಪಂದವೇ. ಆದರೆ ಬಾಣ ಅಚ್ಚಿನ ಉದ್ದಕ್ಕೆ ಇರುವುದು ಬರೀ ಒಪ್ಪಂದವಲ್ಲ, ಚಕ್ರ ಹೊರಳುವ ಬಗೆಯೇ ಅದನ್ನು ತೋರಿಸುತ್ತದೆ.

ಅಚ್ಚಿನ ತುದಿಯಿಂದ ಚಕ್ರದ ನಡುವಿಗೆ 7 ಸೆಂಟಿಮೀಟರ್, ಚಕ್ರದ ತ್ರಿಜ್ಯ 30, ಅದರ ಭಾರವೆಲ್ಲ ಅಂಚಿನಲ್ಲೇ ಎಂದು ಹಿಡಿದರೆ ಒಂದು ಪ್ರದಕ್ಷಿಣೆಗೆ 20 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು ಎನ್ನುತ್ತದೆ ಲೆಕ್ಕ. ಚಕ್ರದ ತೂಕ ಟಾರ್ಕ್‌ನಲ್ಲೂ ಕೋನೀಯ ಸಂವೇಗದಲ್ಲೂ ಬಂದು ಹೊಡೆದುಹೋಗುತ್ತದೆ, ತಕ್ಕಡಿಯೇ ಬೇಡ. ಚಕ್ರದ ವೇಗ ಇಳಿದಂತೆ ಪ್ರದಕ್ಷಿಣೆ ಚುರುಕಾಗುವುದನ್ನು ಮಕ್ಕಳು ಪ್ರತಿ ಸಲ ಉಸಿರು ಬಿಗಿಹಿಡಿದು ನೋಡುತ್ತಾರೆ. ನಾನೂ ನೋಡುತ್ತೇನೆ.

ಮಾಡಿ ನೋಡುವವರು ಮುಂದಿನ ಚಕ್ರವನ್ನೇ ತೆಗೆದುಕೊಳ್ಳಿ. ಹಿಂದಿನದಕ್ಕೆ ಹಲ್ಲುಚಕ್ರದ ಭಾರ ಒಂದೇ ಬದಿಗಿದೆ. ಹಗ್ಗ ಅಚ್ಚಿನಿಂದ ಜಾರದಂತೆ ಅದರ ಹೊರಗಡೆ ಒಂದು ನಟ್ಟು ಬಿಗಿಯಿರಿ. ತಿರುಗುವ ಕಡ್ಡಿಗಳ ಹತ್ತಿರ ಬೆರಳು ಒಯ್ಯಬೇಡಿ.